ಗುದ್ದಲಿಯೂ ಅಲ್ಲ, ನಾಗಪ್ಪನೂ ಅಲ್ಲ

ಆ ದಿನ ಬೆಳಿಗ್ಗೆ ಜಗದೇವಿ ನನ್ನ ಬೆನ್ನಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗಂಡನ ಅಂಗಿಯ ಕೊರಳಪಟ್ಟಿಗೆ ಸಾಬೂನು ಹಚ್ಚಿ ತಿಕ್ಕಿ, ಇನ್ನೇನು ಎತ್ತಿ ಬಡಿಯಬೇಕು, ಅಷ್ಟರಲ್ಲಿ ಅವಳ ಮಗಳು ಸುವ್ವಿಯ ಕೈಬಳೆಯೊಂದು ಜಾರಿ, ಉರುಳಿ, ನನ್ನ ಕೆಳಗಿನ ಸಂದಿಗೆ ಬಂತು. ಸುವ್ವಿ ಮೊಣಕಾಲೂರಿ ಕೈ ತೂರಿಸಿದಳು. ಬಳೆ ಸಿಗಲಿಲ್ಲ. ಪುಟ್ಟ ಬೆರಳುಗಳು ನನ್ನ ಹೊಟ್ಟೆಗೆ ತಾಗಿದವು. ತಾಗಿ ಅಲ್ಲೇ ನಿಂತವು. ಆಮೇಲೆ ನಿದ್ದೆಯಲ್ಲಿರುವವರ ಮುಖ ಸವರಿದ ಹಾಗೆ ಮೆಲ್ಲಗೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದವು.

ಸುವ್ವಿ ಎದ್ದು ಅವ್ವನ ಕಿವಿಗೆ ಬಾಯಿ ಹಚ್ಚಿದಳು. "ಅವ್ವಾ, ಕಲ್ಲಿನ ತೆಳಗ ಯಾರೋ ಮಲ್ಕೊಂಡಾರ."

ಜಗದೇವಿಯ ಕೈಯಲ್ಲಿದ್ದ ಅಂಗಿ ನೊರೆ ಸುರಿಸುತ್ತ ಹಾಗೇ ನಿಂತಿತು. ಬೇರೆ ಯಾರಾದರೂ ಆಗಿದ್ದರೆ, ಹೋಗೇ ಹುಚ್ಚಿ, ಎಂದು ಮತ್ತೆ ಬಡಿಯತೊಡಗುತ್ತಿದ್ದರು. ಒಲೆಯ ಮೇಲೆ ಬೇಳೆ ಇತ್ತು, ಬಕೆಟ್ಟಿನಲ್ಲಿ ಇನ್ನೂ ಅರ್ಧ ಬಟ್ಟೆ ಇತ್ತು. ಆದರೆ ಅವಳು ಅಂಗಿಯನ್ನು ಪಕ್ಕಕ್ಕಿಟ್ಟು, ಸೀರೆಗೆ ಕೈ ಒರೆಸಿಕೊಂಡು, ಕೆನ್ನೆ ನೆಲಕ್ಕೆ ತಾಗುವಂತೆ ಬಾಗಿ ನನ್ನ ಕೆಳಗೆ ಇಣುಕಿದಳು. ಎಷ್ಟೋ ವರ್ಷಗಳಿಂದ ನಾನು ಮನುಷ್ಯರ ಹಿಮ್ಮಡಿ, ಕಾಲುಂಗುರ, ಹರಿಯುವ ಸಾಬೂನು ನೀರು, ಇರುವೆಗಳ ಸಾಲು, ಇಷ್ಟನ್ನೇ ಕಂಡಿದ್ದೆ. ಬೋರಲು ಮಲಗಿದ ಮೇಲೆ ಅಂದು ಮೊದಲ ಸಲ ಒಂದು ಮುಖ ಕಂಡೆ. ತಲೆಕೆಳಗಾಗಿದ್ದರೂ ಚೆಲುವಾದ ಮುಖ.

ನಾನು ಒಂದು ಜುಟ್ಟಿನ ಪ್ರಾಣಿ. ಈಗ ಕಲ್ಲು. ನನ್ನ ಕಥೆಯನ್ನು ಮೊದಲಿಂದ ಹೇಳಿದರೇ ಚೆಂದ.

ನಾನು ಹುಟ್ಟಿದಾಗ ಈ ಭೂಮಿಯ ಮೇಲೆ ಮನುಷ್ಯ ಇರಲಿಲ್ಲ. ತೊಗರಿಯೂ ಇರಲಿಲ್ಲ, ಜೋಳವೂ ಇರಲಿಲ್ಲ. ಈಗ ಕಲಬುರಗಿ ಎನ್ನುವ ಈ ಬಯಲಿನಲ್ಲಿ ಆಗ ಒಂದು ದೊಡ್ಡ ಕೆರೆ ಇತ್ತು. ಅದರ ದಂಡೆಯ ಬೆಚ್ಚನೆಯ ಮಣ್ಣಿನಲ್ಲಿ, ತೊಗಲಿನಂಥ ಮೆತ್ತನೆಯ ಸಿಪ್ಪೆ ಹರಿದುಕೊಂಡು ನಾನು ಹೊರಬಂದೆ. ನನ್ನ ಉಂಗುರದ ಬೆರಳು ಮೈಗಿಂತ ಉದ್ದ ಬೆಳೆಯಿತು. ಆ ಬೆರಳಿಗೂ ಪಕ್ಕೆಗೂ ನಡುವೆ ತೆಳ್ಳನೆಯ ಚರ್ಮ ಹರಡಿ ರೆಕ್ಕೆಯಾಯಿತು. ಎಲುಬುಗಳ ಒಳಗೆಲ್ಲ ಗಾಳಿ. ಹಾರಲು ಬೇರೇನು ಬೇಕು? ಮೀನು ಹಿಡಿದೆ, ಬಿಸಿಲಿಗೆ ಮೈ ಕಾಯಿಸಿದೆ, ಗಾಳಿ ಬಂದಾಗ ಸುಮ್ಮನೆ ರೆಕ್ಕೆ ಚಾಚಿ ಅದರ ಮೇಲೆ ಒರಗಿದೆ. ದೊಡ್ಡವನಾದ ಮೇಲೆ ತಲೆಯ ಹಿಂದೆ ಜುಟ್ಟು ಬಂತು. ಹಿಂದಕ್ಕೆ ಚಾಚಿ, ತುದಿಯಲ್ಲಿ ಅಗಲವಾಗಿ, ಮೇಲಕ್ಕೆ ಬಾಗಿದ ಜುಟ್ಟು. ಕೆರೆಯ ನೀರಿನಲ್ಲಿ ಅದರ ನೆರಳು ನೋಡಿಕೊಂಡು ನಾನು ಎಷ್ಟು ಬೀಗುತ್ತಿದ್ದೆ ಎಂದರೆ, ಎಷ್ಟೋ ಸಲ ಕೊಕ್ಕಿನಲ್ಲಿದ್ದ ಮೀನು ಜಾರಿಹೋಗುತ್ತಿತ್ತು.

ಒಂದು ದಿನ ಹಾರಾಟ ಮುಗಿಯಿತು. ಕೆರೆಯ ತಳದ ಹೂಳು ನನಗೆ ಹೊದಿಕೆ ಹೊದಿಸಿತು. ಒಂದರ ಮೇಲೊಂದು, ತೆಳ್ಳನೆಯ ಹೊದಿಕೆಗಳು. ಹೂಳು ಗಟ್ಟಿಯಾಯಿತು. ಅದರ ಮೇಲೆ ಬೆಂಕಿಯ ಹೊಳೆ ಹರಿದು ಬಂತು, ತಣಿದು ಕರಿಬಂಡೆಯಾಯಿತು. ಬಂಡೆ ಸವೆದು ಎರೆಮಣ್ಣಾಯಿತು. ಮಣ್ಣಿನಲ್ಲಿ ಜನ ತೊಗರಿ ಬಿತ್ತಿದರು. ನಾನು ಮಲಗಿದ್ದೆ. ನನಗೇನೂ ಅವಸರವಿರಲಿಲ್ಲ.

ನನ್ನನ್ನು ಹೊರಗೆ ತಂದದ್ದು ನೀರಡಿಕೆ. ಜಗದೇವಿಯ ಮಾವನವರು ಹೊಲದಲ್ಲಿ ಬಾವಿ ತೋಡಿಸಿದಾಗ ಕರಿಬಂಡೆಯ ಕೆಳಗೆ ಬಿಳಿಚಿದ ಒಂದು ಪದರ ಸಿಕ್ಕಿತು. ಅದರಿಂದ ಒಂದು ದೊಡ್ಡ ಚಪ್ಪಡಿ ಬಿರುಕಿಲ್ಲದೆ ಎದ್ದು ಬಂತು. ಒಳಗೆ ನಾನಿದ್ದೇನೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಾವನವರಿಗೆ ಚಪ್ಪಡಿಯ ಮೇಲೆ ಮನಸ್ಸಾಯಿತು. ಬಂಡಿಯಲ್ಲಿ ತಂದು ಮನೆಯ ಮುಂದೆ ಹಾಕಿಸಿದರು. ಅಲ್ಲಿಂದ ನನಗೆ ಸುಖದ ಕಾಲ. ನನ್ನ ಮೇಲೆ ಕೂತು ಊರವರು ಎಲೆ ಅಡಿಕೆ ಹಾಕಿದರು. ಹೆಣ್ಣುಮಕ್ಕಳು ಹಪ್ಪಳ ಒಣಗಿಸಿದರು. ಚಳಿಗಾಲದಲ್ಲಿ ಕೂಸುಗಳನ್ನು ಎಣ್ಣೆ ಹಚ್ಚಿ ನನ್ನ ಮೇಲೆ ಬಿಸಿಲಿಗೆ ಮಲಗಿಸಿದರು. ಎಣ್ಣೆ ಹಚ್ಚಿದ ಕೂಸು ಬೆನ್ನಿನ ಮೇಲೆ ಕಾಲು ಬಡಿಯುವ ಸುಖವನ್ನು ಕಲ್ಲಾದವರೇ ಬಲ್ಲರು.

ಮಾವನವರು ಹೋದ ಮೇಲೆ ಇಬ್ಬರು ಮಕ್ಕಳು ಪಾಲಾದರು. ದೊಡ್ಡವನು ಅಣವೀರಪ್ಪ, ಸಣ್ಣವನು ರೇವಣಸಿದ್ಧ. ಹೊಲ ಸರಿಯಾಗಿ ಹಂಚಿಹೋಯಿತು. ದನ, ಪಾತ್ರೆ, ಕಣಜ ಎಲ್ಲ ಹಂಚಿಹೋದವು. ಕೊನೆಗೆ ನಾನು ಉಳಿದೆ. ಅಪ್ಪ ಕೂಡುತ್ತಿದ್ದ ಕಲ್ಲು ಇಬ್ಬರಿಗೂ ಬೇಕು.

"ನಡುವ ಕೊಯ್ದ್ರ ಇಬ್ಬರಿಗೂ ಕೂಡ್ಲಾಕ ಬರಾಂಗಿಲ್ಲ," ಎಂದ ಅಣವೀರಪ್ಪ.

ಪಾಲು ಮಾಡಲು ಕರೆಸಿದ್ದ ಕಲ್ಲೊಡೆಯುವ ಲಾಲಸಾಬ್ ನನ್ನ ಪಕ್ಕೆಯನ್ನು ತಟ್ಟಿ ನೋಡಿದ. "ಇದರಾಗ ಪದರ ಅದ ನೋಡ್ರಿ. ಉಬ್ಬಿದ ರೊಟ್ಟಿ ಬಿಡಿಸಿದಂಗ ಬಿಡಿಸಿಕೊಡ್ತೀನಿ. ಉದ್ದ ಅಗಲ ಇಬ್ಬರಿಗೂ ಪೂರಾ. ದಪ್ಪ ಅಷ್ಟೇ ಅರ್ಧ."

ಎಲ್ಲರೂ ತಲೆದೂಗಿದರು. ಹೀಗೆ ಕಲ್ಲನ್ನು ರೊಟ್ಟಿಯಂತೆ ಪಾಲು ಮಾಡುವ ಜಾಣತನ ಬೇರೆಲ್ಲೂ ಇರಲಾರದು. ಉಳಿ ಒಳಗೆ ಬಂತು, ಪದರ ಬಿಟ್ಟಿತು, ಮತ್ತು ಅಷ್ಟು ಕಾಲದ ಮೇಲೆ ನನ್ನ ಮೇಲೆ ಬಿಸಿಲು ಬಿತ್ತು. ಆದರೆ ನಾನು ಇಬ್ಬರಾಗಿದ್ದೆ. ಕೊಕ್ಕು, ಕಣ್ಣಿನ ಗೂಡು, ಜುಟ್ಟಿನ ಬುಡ ಕೆಳಗಿನ ಚಪ್ಪಡಿಯಲ್ಲಿ ಉಳಿದವು. ಜುಟ್ಟಿನ ತುದಿ ಮೇಲಿನ ಚಪ್ಪಡಿಗೆ ಅಂಟಿಕೊಂಡು ಹೋಯಿತು. ನಾನು ಎಂದು ಹೇಳುವಾಗ ಕಣ್ಣಿರುವ ಅರ್ಧವನ್ನೇ ಹೇಳುತ್ತಿದ್ದೇನೆ. ಇನ್ನೊಂದು ಅರ್ಧದ ಅನುಭವವೆಲ್ಲ ನನಗೆ ಆಮೇಲೆ ತಿಳಿದದ್ದು.

ಚೀಟಿ ಎತ್ತಿದರು. ಮೇಲಿನದು ಅಣ್ಣನಿಗೆ, ಕೆಳಗಿನದು ತಮ್ಮನಿಗೆ. ಅಣ್ಣನ ಹೆಂಡತಿ ಗುರುಬಾಯಿ ತನ್ನ ಪಾಲನ್ನು ನೋಡಿದಳು. ಅಗಲವಾಗಿ, ಮೇಲಕ್ಕೆ ಬಾಗಿದ ಕಂದು ಗುರುತು. "ಯಪ್ಪಾ, ನಾಗಪ್ಪ! ಹೆಡಿ ಎತ್ಯಾನ ನೋಡ್ರಿ!" ಎಂದು ಕೈ ಮುಗಿದಳು. ನನ್ನನ್ನು ನೋಡಿದವರಿಗೆ ಉದ್ದ ಕೊಕ್ಕು ಒಂದು ಕಡೆ, ಜುಟ್ಟಿನ ಬುಡ ಒಂದು ಕಡೆ, ನಡುವೆ ಕಣ್ಣಿನ ತೂತು ಕಂಡಿತು. ಅದು ಹಿಡಿ ಇಲ್ಲದ ಗುದ್ದಲಿಯ ಹಾಗಿತ್ತು. ಗುದ್ದಲಿ ಎಂದರೆ ಈ ಮಂದಿಗೆ ಹೆಣ ಹೂಳುವ ಕುಣಿ ತೋಡುವ ನೆನಪು.

"ನಮ್ಮ ಪಾಲಿಗಿ ನಾಗಪ್ಪ ಬಂದ," ಎಂದಳು ಗುರುಬಾಯಿ ನಗುತ್ತ. "ನಿಮ್ಮ ಪಾಲಿಗಿ ಗುದ್ದಲಿ. ಯಾರ ಯಾರ ಪುಣ್ಯ ಎಷ್ಟೆಷ್ಟೋ!"

ಅವಳು ಚೇಷ್ಟೆಗೇ ಅಂದದ್ದು. ಆದರೆ ಜಗದೇವಿ ಆಗ ಬಸುರಿ. ಬಸುರಿಯ ಎದುರು ಕುಣಿಯ ಮಾತು. ಅವಳು ಎದ್ದು ಒಳಗೆ ಹೋದಳು. ಅಂದಿನಿಂದ ನೆಗೆಣ್ಣಿಯರ, ಎಂದರೆ ಈ ವಾರಗಿತ್ತಿಯರ, ನಡುವೆ ಮಾತು ನಿಂತಿತು. ಗಂಡಂದಿರು ಮಾತ್ರ ಹೊಲದಲ್ಲಿ ಒಂದೇ ಗಿಡದ ಕೆಳಗೆ ಬುತ್ತಿ ಬಿಚ್ಚಿ, ನಿಮ್ಮ ಮನೆಯ ಪಲ್ಲೆ ಇತ್ತ ಕೊಡು ಎಂದು ಹಂಚಿಕೊಂಡು ಉಣ್ಣುತ್ತಿದ್ದರು. ಮನೆಯಲ್ಲಿ ಹೇಳುತ್ತಿರಲಿಲ್ಲ, ಅಷ್ಟೇ.

ಜುಟ್ಟಿನ ತುದಿ ಅಣ್ಣನ ದೊಡ್ಡಮನೆಯ ಮಾಡದಲ್ಲಿ, ಗೋಡೆಯ ದೊಡ್ಡ ದೇವರಗೂಡಿನಲ್ಲಿ, ಕೂತು ಅರಿಶಿನ ಕುಂಕುಮ ಹಚ್ಚಿಸಿಕೊಂಡಿತು. ನನ್ನನ್ನು ರೇವಣಸಿದ್ಧ ಬೋರಲು ಹಾಕಿಸಿ ಒಗೆಯುವ ಕಲ್ಲು ಮಾಡಿದ. ಕೆಳಗಿನ ಆಸರೆ ಕಲ್ಲುಗಳ ಮೇಲೆ ಅಲುಗದೆ ಕೂರಲಿ ಎಂದು ಲಾಲಸಾಬ್ ನನ್ನ ಒಂದು ಅಂಚನ್ನು ಕೆತ್ತಿ ಸಮ ಮಾಡಿದ. ಜುಟ್ಟಿನ ತುದಿ ನನ್ನ ಮೇಲೆ ಬಿಟ್ಟುಹೋಗಿದ್ದ ಅಚ್ಚು ಆ ಚೂರುಗಳ ಜೊತೆಗೇ ಹೋಯಿತು.

ಸುವ್ವಿ ಹುಟ್ಟಿದಳು. ಅವಳ ಬಟ್ಟೆಗಳನ್ನೆಲ್ಲ ನಾನೇ ಕಂಡಿದ್ದೇನೆ. ಮೊದಲು ಅಂಗೈಯಗಲದ ಲಂಗೋಟಿ, ಆಮೇಲೆ ಕುಂಚಿಗೆ, ಆಮೇಲೆ ಲಂಗ, ಈಗ ಶಾಲೆಯ ನೀಲಿ ಸಮವಸ್ತ್ರ. ಅವಳಿಗೆ ಪ್ರಶ್ನೆಗಳು ಬಹಳ. ಆದರೆ ಮಂದಿಯ ಎದುರು ಬಾಯಿ ಬಿಡಳು. ಎಲ್ಲವೂ ಅವ್ವನ ಕಿವಿಗೇ. ಶಾಲೆಯ ಟೀಚರಮ್ಮ ಒಮ್ಮೆ ಮನೆಗೇ ಬಂದು, "ನಿಮ್ಮ ಹುಡುಗಿ ಏನ್ ಕೇಳಿದ್ರೂ ಮಾತಾಡಂಗಿಲ್ಲಲ್ರಿ," ಎಂದಾಗ ಜಗದೇವಿ ಬಟ್ಟೆ ಹಿಂಡುತ್ತಲೇ ಅಂದಳು: "ಮಾತಾಡ್ತಾಳ್ರಿ. ಈಗ ಕಿವಿ ತನಾ ಬಂದಾವ ಮಾತು. ಮಂದಿ ತನಾ ಬರ್ತಾವ. ದೂಡಬಾರದು."

ಇನ್ನು ಆ ಬೆಳಗಿಗೆ ಬರುತ್ತೇನೆ. ಜಗದೇವಿ ಗಂಡನನ್ನು ಕರೆದು ನನ್ನನ್ನು ಮಗ್ಗುಲಾಗಿ ಎತ್ತಿಸಿದಳು. ತೆಂಗಿನ ನಾರಿನಿಂದ ಅಲ್ಲ, ಸುವ್ವಿಯ ಹಳೆಯ ಮೆತ್ತನೆಯ ಲಂಗದ ತುಂಡಿನಿಂದ ಮಣ್ಣು ಒರೆಸಿದಳು.

"ಗುದ್ದಲಿ ಅದು, ಯಾಕ ತಿರುಗಿ ನೋಡ್ಲತ್ತಿ?" ಎಂದ ರೇವಣಸಿದ್ಧ.

"ಗುದ್ದಲಿಗಿ ಕಣ್ಣಿನ ಗೂಡು ಇರ್ತದೇನು? ನೋಡ್ರಿ ಇಲ್ಲಿ. ಕೂಸಿನ ನೆತ್ತಿ ಹ್ಯಾಂಗಿರ್ತದ, ಹಂಗ ನುಣ್ಣಗ ಅದ. ಇದು ಯಾವುದೋ ಜೀವ."

ಫೋನಿನಲ್ಲಿ ನನ್ನ ಚಿತ್ರ ತೆಗೆದು ಟೀಚರಮ್ಮನಿಗೆ ಕಳಿಸಲು ಹೋದಳು. ಬೆರಳು ತಪ್ಪಿ ಅದು ಶಾಲೆಯ ತಾಯ್ತಂದೆಯರ ಗುಂಪಿಗೆ ಹೋಯಿತು. ಗಳಿಗೆಯಲ್ಲಿ ಉತ್ತರಗಳು ಬಂದವು. ಒಬ್ಬರು ಮೊಸಳೆ ಅಂದರು. ಒಬ್ಬರು ಮುರುಕು ನೇಗಿಲು ಅಂದರು. ಒಬ್ಬ ತಾಯಿ, "ಇದು ಇವತ್ತಿನ ಹೋಂವರ್ಕ್ ಏನ್ರೀ? ನಮ್ಮ ಹುಡುಗ ಹೇಳೇ ಇಲ್ಲ," ಎಂದು ಗಾಬರಿಯಾದಳು. ಟೀಚರಮ್ಮ ಮಾತ್ರ ಏನೂ ಬರೆಯದೆ ಚಿತ್ರವನ್ನು ತಮ್ಮ ಪರಿಚಯದ ಭೂವಿಜ್ಞಾನದ ಪ್ರಾಧ್ಯಾಪಕಿಗೆ ದಾಟಿಸಿದರು.

ಅವರು ವಸುಮತಿ ಮೇಡಂ, ಮೈಸೂರು ಕಡೆಯವರು. ಮೂರನೆಯ ದಿನವೇ ಬಂದರು. ನನ್ನನ್ನು ಕಂಡವರೇ ಚಪ್ಪಲಿ ಬಿಟ್ಟು, ಒದ್ದೆ ನೆಲದಲ್ಲೇ ಕೂತುಬಿಟ್ಟರು. ಸಣ್ಣ ಕುಂಚದಿಂದ ನನ್ನ ಕೊಕ್ಕಿನ ಮೇಲಿನ ಧೂಳು ತೆಗೆದರು.

"ಜಗದೇವಿಯವರೇ, ಇದು ಟೆರೋಸಾರ್. ಹಾರುವ ಸರೀಸೃಪ. ಮನುಷ್ಯರು ಬರುವುದಕ್ಕೆ ಕೋಟ್ಯಂತರ ವರ್ಷ ಮೊದಲು ಇದ್ದದ್ದು."

"ಡೈನೋಸಾರ್ ಏನ್ರೀ?"

"ಅದರ ದಾಯಾದಿ ಅನ್ನಿ."

"ಅಂದ್ರ ಅವರೂ ಪಾಲಾಗ್ಯಾರ," ಎಂದಳು ಜಗದೇವಿ. ಮೇಡಂ ಜೋರಾಗಿ ನಕ್ಕರು.

ಆಮೇಲೆ ಅವರ ನಗು ನಿಂತಿತು. ಜುಟ್ಟು ಎಲ್ಲಿ ತುಂಡಾಗಿತ್ತೋ ಅಲ್ಲಿ ಅವರ ಬೆರಳು ನಿಂತಿತ್ತು. "ಈ ಜಾತಿಗಳನ್ನು ಜುಟ್ಟು ನೋಡಿಯೇ ಬೇರೆಬೇರೆ ಅಂತ ಹೇಳಬೇಕು. ತುದಿ ನೇರವಾಗಿದ್ದರೆ ಇದು ಬೇರೆ ದೇಶದಲ್ಲಿ ಸಿಕ್ಕಿರುವ, ಆಗಲೇ ಹೆಸರಿರುವ ಜಾತಿ ಇರಬಹುದು. ಬಾಗಿದ್ದರೆ ಹೊಸದು. ತುದಿಯೇ ಇಲ್ಲ. ಅರ್ಧ ಜುಟ್ಟಿಗೆ ಹೆಸರಿಡುವ ಹಾಗಿಲ್ಲ. ಪದರ ಬಿಟ್ಟ ಕಲ್ಲು ಇದು, ಇದರ ಜೋಡಿ ಎಲ್ಲೋ ಇರಬೇಕು. ಅದು ಸಿಗದಿದ್ದರೆ ಇದಕ್ಕೊಂದು ಸಂಖ್ಯೆ ಕೊಟ್ಟು ಇಡುತ್ತೇವೆ, ಅಷ್ಟೇ."

"ಹೆಸರಿಡದ ಕೂಸಿನ್ನ ತೊಟ್ಟಿಲದಾಗ ಬಿಟ್ಟಂಗಾಯ್ತು," ಎಂದಳು ಜಗದೇವಿ ಮೆಲ್ಲಗೆ.

ಸುವ್ವಿ ಅವಳ ಸೆರಗು ಜಗ್ಗಿ ಕಿವಿಯಲ್ಲಿ ಏನೋ ಕೇಳಿದಳು. ನನಗೂ ಕೇಳಿಸದಷ್ಟು ಸಣ್ಣ ದನಿ. ಜಗದೇವಿಯ ಮುಖ ಅರಳಿತು. "ಛಲೋ ಪ್ರಶ್ನೆ. ನನಗ ಗೊತ್ತಿಲ್ಲವ್ವ. ಮೇಡಂಗ ಕೇಳು." ಸುವ್ವಿ ಸೆರಗಿನೊಳಗೆ ಮುಖ ಹುದುಗಿಸಿದಳು. ಜಗದೇವಿ ಅವಳ ಪರವಾಗಿ ಕೇಳಲಿಲ್ಲ. ಕೇಳಿಬಿಟ್ಟರೆ ಪ್ರಶ್ನೆ ಮಗಳದ್ದಾಗಿ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಜೋಡಿ ಎಲ್ಲಿದೆ ಎಂಬುದೂ ಗೊತ್ತಿತ್ತು. ಗೋಡೆಯಾಚೆ, ದೊಡ್ಡಮನೆಯ ಮಾಡದಲ್ಲಿ. ಆದರೆ ದೇವರಾದ ಕಲ್ಲನ್ನು ಮಾಡದಿಂದ ಇಳಿಸಿ ಕೊಡು ಎಂದು ಯಾವ ಬಾಯಿಂದ ಕೇಳುವುದು, ಅದೂ ಮಾತೇ ಇಲ್ಲದವಳನ್ನು? ರೇವಣಸಿದ್ಧ, "ನಾ ಅಣ್ಣಗ ಹೇಳ್ತೀನಿ," ಎಂದ. "ಬ್ಯಾಡ್ರಿ. ಅವರು ಕೊಡು ಅಂತಾರ, ಅಕ್ಕ ಅಳ್ಕೋತ ಕೊಡ್ತಾಳ. ಹಂಗ ಬ್ಯಾಡ," ಎಂದಳು ಜಗದೇವಿ. ಮೇಡಂಗೆ ಸ್ವಲ್ಪ ದಿನ ಕಾಯಲು ಹೇಳಿದಳು.

ಪಂಚಮಿ ಬಂತು. ಈ ಕಡೆ ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರು ಹೇಳಿ ಎರೆಯುತ್ತಾರೆ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು. ಹೆಸರು ಹಿಡಿದು ಎರೆದರೆ ಅವರಿಗೆ ಒಳ್ಳೆಯದಾಗಲಿ ಎಂದು ಬೇಡಿದ ಹಾಗೆ. ಜಗದೇವಿ ಕೊಬ್ಬರಿ ಬಟ್ಟಲಲ್ಲಿ ಹಾಲು ಹಿಡಿದು, ಸುವ್ವಿಯ ಕೈಯಲ್ಲಿ ಜೋಳದ ಅಳ್ಳು, ಶೇಂಗಾ ಉಂಡಿ ಕೊಟ್ಟು, ಆರು ವರ್ಷದ ಮೇಲೆ ದೊಡ್ಡಮನೆಯ ಹೊಸ್ತಿಲು ದಾಟಿದಳು.

ಗುರುಬಾಯಿ ಮಾಡದ ಮುಂದೆ ಕೂತಿದ್ದಳು. ತಲೆ ಎತ್ತಿ ನೋಡಿದಳು. ಸರಿದು ಜಾಗ ಬಿಟ್ಟಳು. ಪಂಚಮಿಯ ದಿನ ಹಾಲು ಹಿಡಿದು ಬಂದವರಿಗೆ ಜಾಗ ಬಿಡದೆ ಇರಲಾಗದು. ಜಗದೇವಿ ಅಪ್ಪನ ಪಾಲು ಎರೆದಳು, ಅವ್ವನ ಪಾಲು ಎರೆದಳು, ಗಂಡನ ಪಾಲು, ಮಗಳ ಪಾಲು ಎರೆದಳು. ಬಟ್ಟಲಲ್ಲಿ ಇನ್ನೂ ಹಾಲಿತ್ತು.

"ಅಕ್ಕನ ಪಾಲು," ಎಂದು ಎರೆದಳು.

ಗುರುಬಾಯಿಗೆ ಸ್ವಂತ ತಂಗಿ ಇರಲಿಲ್ಲ. ಅವಳು ತನ್ನ ಬಟ್ಟಲನ್ನೆತ್ತಿ, "ತಂಗಿ ಪಾಲು," ಎಂದಳು. ಎಂದವಳೇ ಮೂಗೊರೆಸಿಕೊಂಡು, "ನೀ ಬಾಳ ಸೊರಗಿ ನೋಡು. ಬರೇ ಮಗಳಿಗೇ ಉಣಸ್ತೀಯೇನ?" ಎಂದು ಬೈದಳು. ಸುವ್ವಿಯನ್ನು ತೊಡೆಯ ಮೇಲೆ ಎಳೆದುಕೊಂಡು ಉಂಡಿ ಬಾಯಿಗೆ ತುರುಕಿದಳು.

ಆಗ ಜಗದೇವಿ ಎಲ್ಲ ಹೇಳಿದಳು. ಫೋನಿನಲ್ಲಿ ಮೇಡಂ ಕಳಿಸಿದ್ದ ಹಾರುವ ಸರೀಸೃಪದ ಚಿತ್ರ ತೋರಿಸಿದಳು. ಗುರುಬಾಯಿ ಚಿತ್ರ ನೋಡಿದಳು, ಮಾಡ ನೋಡಿದಳು, ಮತ್ತೆ ಚಿತ್ರ ನೋಡಿದಳು.

"ಅಂದ್ರ ಇಷ್ಟು ವರ್ಷ ನಾ ಹಾಲು ಕುಡಿಸಿದ್ದು ಯಾವುದೋ ಹಕ್ಕಿ ಜುಟ್ಟಕ?"

"ಹಕ್ಕಿ ಅಲ್ಲಂತ, ಅಕ್ಕಾ."

"ಹಕ್ಕಿನೂ ಅಲ್ಲ! ಏನವಾ ಇದು!" ಗುರುಬಾಯಿ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಗು ನಿಲ್ಲಲಿಲ್ಲ. ಜಗದೇವಿಗೂ ಹತ್ತಿತು. ಹಿತ್ತಲಲ್ಲಿದ್ದ ಅಣವೀರಪ್ಪ ಇಬ್ಬರ ನಗು ಕೇಳಿ ಓಡಿ ಬಂದು, ಬಾಗಿಲಲ್ಲೇ ನಿಂತು, ಏನೂ ಕೇಳದೆ ಹಾಗೇ ಹಿಂದಕ್ಕೆ ಹೋದ.

ನಗು ಮುಗಿದ ಮೇಲೆ ಗುರುಬಾಯಿ ಗಂಭೀರಳಾದಳು. ಮಾಡದ ಎದುರು ಕೈಮುಗಿದು ಬಹಳ ಹೊತ್ತು ಕೂತಳು. ಕೊಡುವಳೋ ಇಲ್ಲವೋ, ಜಗದೇವಿಗೆ ತಿಳಿಯಲಿಲ್ಲ.

"ನಾಗಪ್ಪ ಹುತ್ತದಾಗ ಇರ್ತಾನ, ಅವನಿಗಿ ಅಲ್ಲೇ ಎರೀತೀನಿ," ಎಂದಳು ಕೊನೆಗೆ. "ಇದು ಯಾರದೋ ಜುಟ್ಟ. ತಲಿ ನಿಮ್ಮನ್ಯಾಗ, ಜುಟ್ಟ ನಮ್ಮನ್ಯಾಗ. ಹಿಂಗ ಪಾಲು ಮಾಡಿಟ್ಟು ನಾವು ನೆಟ್ಟಗ ಇರ್ತೀವೇನು? ಹಿಡಿ ಆ ಕಡಿ." ಮತ್ತೆ ಸುವ್ವಿಯ ತಲೆ ಸವರಿ, "ಅವತ್ತ ಗುದ್ದಲಿ ಅಂದಿದ್ದೆ. ಹೊಟ್ಟಿಯಾಗ ಕೂಸಿರೋದು ನೆನಪೇ ಆಗಲಿಲ್ಲ ನನ್ನ ಬಾಯಿಗಿ," ಎಂದಳು.

"ಕೂಸು ನಿನ್ನ ತೊಡಿ ಮ್ಯಾಲೇ ಅದಲ್ಲ ಅಕ್ಕಾ," ಎಂದಳು ಜಗದೇವಿ. "ಇಳಿಸು. ಹೊರಬೇಕಲ್ಲ."

ಅಣ್ಣ ತಮ್ಮ ಕೂಡಿ ಚಪ್ಪಡಿ ಹೊತ್ತು ತಂದರು. ನೆಗೆಣ್ಣಿಯರು ಅಂಚು ಹಿಡಿದರು. ಮರುದಿನವೇ ಬಂದ ಮೇಡಂ ಕುಂಚ, ಹತ್ತಿ ಹಿಡಿದು ಅರಿಶಿನದ ಪದರವನ್ನು ಬಿಡಿಸಿದರು. ಬಿಡಿಸಿದಷ್ಟೂ ಅರಿಶಿನ. "ಇಷ್ಟು ಮುದ್ದು ಮಾಡಿಸಿಕೊಂಡ ಪಳೆಯುಳಿಕೆಯನ್ನು ನಾನು ನೋಡಿಲ್ಲ," ಎಂದು ಬೆವರು ಒರೆಸಿಕೊಂಡರು. ಕೊನೆಗೆ ಆ ಚಪ್ಪಡಿಯ ಮೇಲಿನ ತುದಿಯನ್ನು ಪಾರದರ್ಶಕ ಹಾಳೆಯ ಮೇಲೆ ಬರೆದುಕೊಂಡು, ಹಾಳೆ ಮಗುಚಿ, ನನ್ನ ಜುಟ್ಟಿನ ಬುಡಕ್ಕೆ ಸೇರಿಸಿ ಇಟ್ಟರು. ಎಲುಬಿನ ಗೆರೆ ಗೆರೆಯನ್ನು ಹಿಡಿಯಿತು. ಜುಟ್ಟು ನನ್ನ ನೆತ್ತಿಯಿಂದ ಹೊರಟು, ಹಿಂದಕ್ಕೆ ಹೋಗಿ, ಅಗಲವಾಗಿ, ಮೇಲಕ್ಕೆ ಬಾಗಿತು. ಕೆರೆಯ ನೀರಿನಲ್ಲಿ ಕಂಡ ಅದೇ ಬಾಗು. ನನಗೆ ಕಣ್ಣೀರು ಬರುವ ಹಾಗಿದ್ದರೆ ಬರುತ್ತಿತ್ತು. ಮೇಡಂಗೆ ಬಂತು.

"ಹೊಸದು," ಎಂದರು. "ಯಾರೂ ಕಂಡಿಲ್ಲದ್ದು."

"ನಮ್ಮ ಮಾವನ ಪಟಗದ ಚುಂಗು ಹಿಂಗೇ ಇರ್ತಿತ್ತು," ಎಂದಳು ಗುರುಬಾಯಿ. ಪಟಗ ಎಂದರೆ ರುಮಾಲು, ಅದರ ಹಿಂದೆ ಚಾಚಿ ಬಿಟ್ಟ ಸೆರಗಿಗೆ ಇಲ್ಲಿ ಚುಂಗು ಎನ್ನುತ್ತಾರೆ. ಮೇಡಂ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು.

ಹೆಸರಿಡುವುದು ತೊಟ್ಟಿಲ ಶಾಸ್ತ್ರದಷ್ಟು ಸುಲಭವಲ್ಲ ಎಂದು ಆಮೇಲೆ ತಿಳಿಯಿತು. ನನ್ನನ್ನು ನಗರದ ವಿಶ್ವವಿದ್ಯಾಲಯಕ್ಕೆ ಒಯ್ದರು. ಅಳೆದರು, ಹಿಗ್ಗಿಸಿ ನೋಡಿದರು, ದೂರದೇಶದ ನನ್ನ ದಾಯಾದಿಗಳ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದರು. ಯಾಕೆ ಹೊಸದು ಎಂಬುದನ್ನು ಬರೆದು, ಬೇರೆ ಪಂಡಿತರಿಗೆ ಕಳಿಸಿ, ಅವರ ತಕರಾರುಗಳಿಗೆ ಉತ್ತರ ಕೊಟ್ಟು, ಅಚ್ಚಾದ ಮೇಲೆಯೇ ಹೆಸರು ಹೆಸರಾಗುವುದು. ಇನ್ನು ಮುಂದೆ ಈ ಜಾತಿಯ ಯಾವ ಎಲುಬು ಎಲ್ಲಿ ಸಿಕ್ಕರೂ ನನ್ನ ಪಕ್ಕಕ್ಕಿಟ್ಟು ನೋಡಿಯೇ ನಿರ್ಧರಿಸಬೇಕಂತೆ. ಒಗೆಯುವ ಕಲ್ಲಿಗೆ ಬಂದ ಯೋಗ ನೋಡಿ.

ಈಗ ನಾನು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದ್ದೇನೆ. ಕಿಟಕಿಯ ಪಕ್ಕದ ಮೂಲೆ, ಮೇಲೆ ಗಾಜು. ವಯಸ್ಸಾದವರಿಗೆ ಬೇಕಾದ ಹಾಗೆ ಸದ್ದಿಲ್ಲದ ಜಾಗ. ಬಟ್ಟೆ ಬಡಿಯುವ ಸದ್ದು ಮಾತ್ರ ಇಲ್ಲಿ ಕೇಳುವುದಿಲ್ಲ, ಅದೊಂದು ಕೊರತೆ. ನಾನು ಒಮ್ಮೆ ಆಕಾಶದಲ್ಲಿದ್ದೆ, ಆಮೇಲೆ ನೆಲದೊಳಗಿದ್ದೆ, ಆಮೇಲೆ ಮನುಷ್ಯರ ಕಾಲ ಬುಡದಲ್ಲಿದ್ದೆ. ಹಾರಿದ್ದನ್ನು ಎಲ್ಲರೂ ದೊಡ್ಡದೆನ್ನುತ್ತಾರೆ. ಒದ್ದೆ ಬಟ್ಟೆಗಳ ಕೆಳಗೆ ಕಳೆದ ದಿನಗಳನ್ನೂ ನಾನು ಕಡಿಮೆ ಎನ್ನುವುದಿಲ್ಲ. ನನ್ನನ್ನು ಜೀವವೆಂದು ಮೊದಲು ಗುರುತಿಸಿದ್ದು ಅಲ್ಲಿಯೇ.

ಹೆಸರು ಘೋಷಿಸಿದ ದಿನ ಎಲ್ಲರೂ ಬಂದಿದ್ದರು. ಅಣ್ಣ ತಮ್ಮ ಒಂದೇ ತಾನಿನ ಅಂಗಿ ಹಾಕಿದ್ದರು. ಗುರುಬಾಯಿ ಸುವ್ವಿಗೆ ಜಡೆ ಹೆಣೆದು ಕರೆತಂದಿದ್ದಳು. ವಿದ್ಯಾರ್ಥಿಗಳು, ಪತ್ರಿಕೆಯವರು, ಟೀಚರಮ್ಮ, ಕೋಣೆ ಕಿಕ್ಕಿರಿದಿತ್ತು. ವಸುಮತಿ ಮೇಡಂ ಗಾಜಿನ ಪಕ್ಕ ನಿಂತು ಹೇಳಿದರು: "ಇದರ ಹೆಸರು ಚುಂಗಾಪ್ಟೆರಸ್ ನೆಗೆಣ್ಣಿಯಾರಮ್. ಮೊದಲನೆಯದು ಕುಲದ ಹೆಸರು, ಚುಂಗಿನ ರೆಕ್ಕೆಯವನು ಅಂತ. ಎರಡನೆಯದು ಇದರ ಸ್ವಂತ ಹೆಸರು, ನೆಗೆಣ್ಣಿಯರದು ಅಂತ. ಇಬ್ಬರು ನೆಗೆಣ್ಣಿಯರು ಕೂಡಿಸಿಕೊಟ್ಟದ್ದಕ್ಕೆ."

ಚಪ್ಪಾಳೆ ಬಿತ್ತು. "ಅಯ್ಯ, ನಮ್ಮ ಜಗಳ ದೇಶಾಂತರ ಹೋಯ್ತಲ್ಲ!" ಎಂದಳು ಗುರುಬಾಯಿ. "ಜಗಳಲ್ಲಕ್ಕಾ, ರಾಜಿ," ಎಂದಳು ಜಗದೇವಿ. ನಾನು ಆ ಹೆಸರನ್ನು ಒಳಗೇ ಎರಡು ಸಲ ಹೇಳಿಕೊಂಡೆ. ಉದ್ದವಾಗಿತ್ತು, ಆದರೆ ಮೈಗೆ ಹೊಂದಿತು.

"ಯಾರಾದರೂ ಏನಾದರೂ ಕೇಳುವುದಿದೆಯೇ?" ಎಂದರು ಮೇಡಂ.

ಪತ್ರಿಕೆಯವನೊಬ್ಬ ತೂಕ ಕೇಳಿದ. ವಿದ್ಯಾರ್ಥಿಯೊಬ್ಬಳು ರೆಕ್ಕೆಯ ಅಗಲ ಕೇಳಿದಳು. ಉತ್ತರಗಳು ಮುಗಿದವು. ಸುವ್ವಿ ಅವ್ವನ ಸೆರಗು ಜಗ್ಗಿದಳು. ಜಗದೇವಿ ಬಾಗಿದಳು. ಕಿವಿಗೆ ಬಂದ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮಗಳ ಹಣೆಯ ಮೇಲಿನ ಕೂದಲು ಸರಿಸಿ, "ನಾ ಇಲ್ಲೇ ಅದೀನಿ," ಎಂದಳು. ಅಷ್ಟೇ ಅಂದಳು.

ಸುವ್ವಿ ಸೆರಗು ಬಿಟ್ಟಳು. ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಗಾಜಿನ ತನಕ ಬಂದಳು. ನನ್ನ ಕಣ್ಣಿನ ಗೂಡಿನ ಎದುರು ಅವಳ ಕಣ್ಣು. ಒಮ್ಮೆ ಹಿಂತಿರುಗಿ ನೋಡಿದಳು. ಅವ್ವ ನಿಂತಲ್ಲೇ ನಿಂತಿದ್ದಳು. ಮೇಡಂ ಕಾಯುತ್ತಿದ್ದರು. ಕೋಣೆಯೆಲ್ಲ ಕಾಯುತ್ತಿತ್ತು. ಸುವ್ವಿ ಮೇಡಂ ಕಡೆ ಮುಖ ಎತ್ತಿ, ಕೊನೆಯ ಸಾಲಿನಲ್ಲಿದ್ದ ಟೀಚರಮ್ಮನಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ ಕೇಳಿದಳು:

"ಈ ಹೆಸರು ನೀವು ಇಟ್ಟಿದ್ದು. ಇದರವ್ವ ಇದಕ್ಕ ಏನಂತ ಕರೀತಿದ್ಲು?"